ಕಾಟಾದ ಪಕ್ಕ ಒಂದು ಪುಟ್ಟ ಪ್ರಿಂಟರ್: ಸೀರಿಯಲ್ ತಂತಿ, ಕೀಪ್ಯಾಡ್ ಜೋಡಿಸಿ ಕನ್ನಡದ ತೂಕಚೀಟಿ ತೆಗೆಯುವ ಬಗೆ

ಸಿಂಧನೂರು, ಮಾನ್ವಿ, ಕಾರಟಗಿ, ಗಂಗಾವತಿ ಕಡೆ ಸುಗ್ಗಿ ಶುರುವಾದರೆ ಅಡತಿ ಅಂಗಡಿಗಳ ಮುಂದೆ ಭತ್ತದ ಚೀಲದ ಸಾಲು ಬೀಳುತ್ತದೆ. ಎಲೆಕ್ಟ್ರಾನಿಕ್ ಕಾಟಾ ಬಹುತೇಕ ಎಲ್ಲ ಕಡೆ ಬಂದಿದೆ. ಆದರೆ ಕಾಟಾದ ಮೇಲಿನ ಕೆಂಪು ಅಂಕಿ ಮುಂದಿನ ಚೀಲ ಇಟ್ಟ ತಕ್ಷಣ ಮಾಯ. ಉಳಿಯುವುದು ಗುಮಾಸ್ತ ಬರೆದುಕೊಂಡದ್ದು ಮಾತ್ರ. ಚೀಲ ಹೊತ್ತು ತಂದ ರೈತನ ಕೈಯಲ್ಲಿ ಅಲ್ಲೇ, ಆಗಲೇ, ಅವನೇ ಓದಬಲ್ಲ ಅಕ್ಷರದಲ್ಲಿ ಒಂದು ಚೀಟಿ ಇರಬೇಕು. ಇದು ದೊಡ್ಡ ಖರ್ಚಿನ ಕೆಲಸವಲ್ಲ. 58 ಮಿಲಿಮೀಟರ್ ಕಾಗದದ ಸಣ್ಣ ಥರ್ಮಲ್ ಪ್ರಿಂಟರ್, ಹದಿನಾರು ಗುಂಡಿಯ ಕೀಪ್ಯಾಡ್, ಪ್ರೋಗ್ರಾಮ್ ಹಾಕಿ ನಡೆಸುವ ಪುಟ್ಟ ಕಂಪ್ಯೂಟರಿನಂಥ ಒಂದು ಆರ್ಡುಯಿನೋ ಮೆಗಾ ಬೋರ್ಡ್ ಇದ್ದರೆ ಐಟಿಐ, ಡಿಪ್ಲೊಮಾ ಓದಿದ ಯಾರಾದರೂ ಇದನ್ನು ಕಟ್ಟಬಹುದು.

ಕಟ್ಟುವ ಮುಂಚೆ ಒಂದು ನಿಯಮ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ: ತೂಕ ಕಾಟಾದ ಸೀರಿಯಲ್ ತಂತಿಯಿಂದ (ಮಾಹಿತಿಯನ್ನು 0, 1 ಎಂಬ ಬಿಟ್‌ಗಳಾಗಿ ಒಂದರ ಹಿಂದೊಂದು ಸಾಗಿಸುವ ತಂತಿ) ಮಾತ್ರ ಬರಬೇಕು, ಕೀಪ್ಯಾಡಿನಿಂದ ಬರಬಾರದು. ಯಾರ ಮಾಲು, ಯಾವ ಬೆಳೆ, ಯಾವಾಗ ಮುಗಿಸಬೇಕು ಎಂಬುದಷ್ಟೇ ಕೀಪ್ಯಾಡಿನ ಕೆಲಸ. ತೂಕವನ್ನು ಬೆರಳಿನಿಂದ ಒತ್ತಿ ಹಾಕುವ ದಾರಿ ಬಿಟ್ಟರೆ ಆ ಚೀಟಿಗೂ ಪೆನ್ನಿನ ಚೀಟಿಗೂ ವ್ಯತ್ಯಾಸವಿಲ್ಲ. ಈ ಲೇಖನದ ಎಲ್ಲ ಜೋಡಣೆ ಈ ನಿಯಮದ ಸುತ್ತ ನಡೆಯುತ್ತದೆ.

ಮೊದಲು ಪ್ರಿಂಟರನ್ನು ಒಂಟಿಯಾಗಿ ನೋಡಿ

ಪ್ರಿಂಟರ್ ಕೈಗೆ ಬಂದ ಕೂಡಲೇ ಬೋರ್ಡಿಗೆ ಜೋಡಿಸುವ ಆತುರ ಬೇಡ. ಕಾಗದ ಹಾಕಿ, ಕರೆಂಟ್ ಮಾತ್ರ ಕೊಡಿ. ಥರ್ಮಲ್ ಕಾಗದಕ್ಕೆ ಒಂದೇ ಮಗ್ಗುಲಲ್ಲಿ ಲೇಪ ಇರುತ್ತದೆ. ಉಗುರಿನಿಂದ ಗೀರಿದರೆ ಕಪ್ಪು ಗೆರೆ ಮೂಡುವ ಮಗ್ಗುಲು ಪ್ರಿಂಟರಿನ ತಲೆಯ ಕಡೆ ಇರಬೇಕು. ಉಲ್ಟಾ ಹಾಕಿದರೆ ಕಾಗದ ಓಡುತ್ತದೆ, ಅಕ್ಷರ ಬರುವುದಿಲ್ಲ. ಪ್ರಿಂಟರ್ ಕೆಟ್ಟಿದೆ ಎಂದು ವಾಪಸ್ ಕಳಿಸುವವರಲ್ಲಿ ಎಷ್ಟೋ ಜನರದ್ದು ಇದೇ ತೊಂದರೆ.

ಈಗ ಫೀಡ್ ಗುಂಡಿ ಒತ್ತಿಹಿಡಿದುಕೊಂಡೇ ಸ್ವಿಚ್ ಹಾಕಿ. ಸೆಲ್ಫ್ ಟೆಸ್ಟ್ ಚೀಟಿ ಹೊರಬರುತ್ತದೆ. ಅದರಲ್ಲಿ ಬಾಡ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಎಂಬ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್), ಹ್ಯಾಂಡ್‌ಶೇಕ್ (ತಾಳು, ಕಳಿಸು ಎನ್ನುವ ಸನ್ನೆ), ಕೋಡ್ ಪೇಜ್ (ಯಾವ ಅಂಕಿಗೆ ಯಾವ ಅಕ್ಷರ ಎಂಬ ಪಟ್ಟಿ) ಎಲ್ಲ ಅಚ್ಚಾಗಿರುತ್ತವೆ. ಸಣ್ಣ ಪ್ರಿಂಟರುಗಳಲ್ಲಿ ಬಾಡ್ ರೇಟ್ ಸಾಮಾನ್ಯವಾಗಿ 9600, 19200 ಅಥವಾ 115200 ಕಾಣುತ್ತದೆ. ಈ ಅಂಕಿಗಳನ್ನು ಬೇರೆ ಹಾಳೆಯಲ್ಲಿ ಪೆನ್ನಿನಿಂದ ಬರೆದಿಟ್ಟುಕೊಳ್ಳಿ. ಥರ್ಮಲ್ ಚೀಟಿ ಮಾಸುತ್ತದೆ. ಮುಂದಿನ ವರ್ಷ ರಿಪೇರಿಗೆ ಬಂದವನಿಗೆ ಪೆನ್ನಿನ ಹಾಳೆಯೇ ದಿಕ್ಕು.

ಕರೆಂಟಿನ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಇದು ಶಾಯಿ ಹಾಕುವ ಯಂತ್ರವಲ್ಲ, ಕಾಗದವನ್ನು ಚುಕ್ಕೆ ಚುಕ್ಕೆಯಾಗಿ ಬಿಸಿ ಮಾಡುವ ಯಂತ್ರ. ಕಪ್ಪು ಹೆಚ್ಚಿರುವ ಸಾಲು ಬಂದಾಗ ಒಂದೂವರೆ, ಎರಡು ಆಂಪಿಯರ್ ತನಕ ಎಳೆಯುತ್ತದೆ. ಕಂಪ್ಯೂಟರಿನ ಸಾಮಾನ್ಯ ಯುಎಸ್‌ಬಿ 2.0 ಪೋರ್ಟು ಕೊಡುವುದು ಅರ್ಧ ಆಂಪಿಯರ್. ಆದ್ದರಿಂದ ಪ್ರಿಂಟರಿಗೆ ಅದರ ಮೇಲೆ ಬರೆದಷ್ಟು ವೋಲ್ಟಿನ, ಕನಿಷ್ಠ 2 ಆಂಪಿಯರಿನ ಸ್ವಂತ ಅಡಾಪ್ಟರ್ ಇರಲಿ. ಆರ್ಡುಯಿನೋದ 5 ವೋಲ್ಟ್ ಪಿನ್ನಿನಿಂದ ಪ್ರಿಂಟರ್ ಓಡಿಸಲು ಹೋಗಲೇಬೇಡಿ. ತಂತಿಯೂ ದಪ್ಪ ಇರಲಿ: ಹೋಗಿ ಬರುವ ತಂತಿಯ ಒಟ್ಟು ರೋಧ ಅರ್ಧ ಓಮ್ ಇದ್ದರೆ 2 ಆಂಪಿಯರಿಗೆ 1 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಪ್ರಿಂಟರಿನ ಬುಡದಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಪ್ಲಸ್, ಮೈನಸ್ ನೋಡಿ ಹಾಕಿದರೆ ಇನ್ನೂ ಒಳ್ಳೆಯದು. ಸಣ್ಣ ಅಕ್ಷರ ಚೆನ್ನಾಗಿ ಬಂದು, ದಪ್ಪ ಅಕ್ಷರ ಬರುವಾಗ ಪ್ರಿಂಟರ್ ಆರಿ ಮತ್ತೆ ಹತ್ತಿದರೆ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಬೇಡಿ. ಅದು ಕರೆಂಟಿನ ಕೊರತೆ.

ಟಿಟಿಎಲ್ಲೋ ಆರ್‌ಎಸ್-232ವೋ: ಮೀಟರನ್ನೇ ಕೇಳಿ

ಸೀರಿಯಲ್ ಎಂದು ಎರಡಕ್ಕೂ ಹೇಳುತ್ತಾರೆ, ಆದರೆ ಎರಡರ ವೋಲ್ಟೇಜ್ ಬೇರೆ. ಟಿಟಿಎಲ್‌ನಲ್ಲಿ 0 ಎಂದರೆ ಸೊನ್ನೆ ವೋಲ್ಟ್, 1 ಎಂದರೆ 5 ಅಥವಾ 3.3 ವೋಲ್ಟ್. ಆರ್‌ಎಸ್-232ರಲ್ಲಿ 1 ಎಂದರೆ ಮೈನಸ್ 3ರಿಂದ ಮೈನಸ್ 15, 0 ಎಂದರೆ ಪ್ಲಸ್ 3ರಿಂದ ಪ್ಲಸ್ 15. ಆರ್‌ಎಸ್-232ರ ತಂತಿಯನ್ನು ನೇರವಾಗಿ ಆರ್ಡುಯಿನೋ ಪಿನ್ನಿಗೆ ಹಾಕಿದರೆ ಪಿನ್ ಸುಡಬಹುದು, ಬೋರ್ಡೂ ಹೋಗಬಹುದು.

ಅಂಗಡಿಯವನ ಮಾತು, ಡಬ್ಬಿಯ ಮೇಲಿನ ಚೀಟಿ ಎರಡನ್ನೂ ಬದಿಗಿಟ್ಟು ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಪ್ರಿಂಟರ್ ಚಾಲೂ ಇರಲಿ, ಡೇಟಾ ತಂತಿ ಯಾವುದಕ್ಕೂ ಜೋಡಿಸಿರಬಾರದು. ಕಪ್ಪು ಕಡ್ಡಿ ಗ್ರೌಂಡಿಗೆ (ಸೊನ್ನೆ ವೋಲ್ಟಿನ ತಂತಿಗೆ), ಕೆಂಪು ಕಡ್ಡಿ ಪ್ರಿಂಟರಿನ ಟಿಎಕ್ಸ್ ತಂತಿಗೆ, ಅಂದರೆ ಅದು ಕಳಿಸುವ ತಂತಿಗೆ. ಮೀಟರು 3.3ರಿಂದ 5ರ ನಡುವೆ ತೋರಿಸಿದರೆ ಟಿಟಿಎಲ್. ಮೈನಸ್ 5ರಿಂದ ಮೈನಸ್ 12ರ ಆಸುಪಾಸು ತೋರಿಸಿದರೆ ಆರ್‌ಎಸ್-232. ಸುಮ್ಮನಿರುವ ಸೀರಿಯಲ್ ತಂತಿ ಯಾವಾಗಲೂ 1ರ ಸ್ಥಿತಿಯಲ್ಲಿರುತ್ತದೆ. ಅದಕ್ಕೇ ಈ ಪರೀಕ್ಷೆ ಮೋಸ ಮಾಡುವುದಿಲ್ಲ.

ಒಂಬತ್ತು ಪಿನ್ನಿನ ಕನೆಕ್ಟರ್ ಇದ್ದರೆ 5ನೇ ಪಿನ್ ಗ್ರೌಂಡ್. 2, 3ರಲ್ಲಿ ಯಾವುದು ಕಳಿಸುವುದು, ಯಾವುದು ಕೇಳುವುದು ಎಂಬುದು ಯಂತ್ರದಿಂದ ಯಂತ್ರಕ್ಕೆ ಅದಲುಬದಲಾಗುತ್ತದೆ. ಇಲ್ಲೂ ಮೀಟರೇ ಹೇಳಲಿ: ಮೈನಸ್ ವೋಲ್ಟ್ ತೋರಿಸುವ ಪಿನ್ನು ಪ್ರಿಂಟರ್ ಮಾತಾಡುವ ಪಿನ್ನು, ಸೊನ್ನೆಯ ಹತ್ತಿರ ಇರುವುದು ಕೇಳುವ ಪಿನ್ನು.

ಬೋರ್ಡಿಗೆ ಹೋಗುವ ಮುಂಚೆ ಕಂಪ್ಯೂಟರಿನಿಂದ ಒಮ್ಮೆ ಮಾತಾಡಿಸಿ. ಟಿಟಿಎಲ್ ಪ್ರಿಂಟರಿಗೆ ಯುಎಸ್‌ಬಿ-ಟಿಟಿಎಲ್ ಕನ್ವರ್ಟರ್, ಆರ್‌ಎಸ್-232ಕ್ಕೆ ಒಂಬತ್ತು ಪಿನ್ನಿನ ಯುಎಸ್‌ಬಿ ಕೇಬಲ್. ಕೇಬಲನ್ನೂ ನಂಬಬೇಡಿ. ಅದರ ಟಿಎಕ್ಸ್ ಮತ್ತು ಆರ್‌ಎಕ್ಸ್ (ಕೇಳುವ ತಂತಿ) ಎರಡನ್ನು ತುಂಡು ತಂತಿಯಿಂದ ಒಂದಕ್ಕೊಂದು ಮುಟ್ಟಿಸಿ, ಆರ್ಡುಯಿನೋ ತಂತ್ರಾಂಶದ ಸೀರಿಯಲ್ ಮಾನಿಟರ್ ತೆರೆದು ಏನಾದರೂ ಟೈಪ್ ಮಾಡಿ. ಕಳಿಸಿದ್ದೇ ವಾಪಸ್ ಕಂಡರೆ ಕೇಬಲ್ ಸರಿ. ಆಮೇಲೆ ಪ್ರಿಂಟರಿಗೆ ಜೋಡಿಸಿ, ಬಾಡ್ ರೇಟ್ ಸೆಲ್ಫ್ ಟೆಸ್ಟಿನಲ್ಲಿದ್ದದ್ದೇ ಇಟ್ಟು, ಸಾಲಿನ ಕೊನೆಗೆ ನ್ಯೂಲೈನ್ ಆಯ್ಕೆ ಮಾಡಿ. ನ್ಯೂಲೈನ್ ಬಾರದೆ ಪ್ರಿಂಟರ್ ಸಾಲನ್ನು ಅಚ್ಚು ಹಾಕುವುದಿಲ್ಲ, ಒಳಗೇ ಇಟ್ಟುಕೊಂಡು ಕೂರುತ್ತದೆ.

ಏನೂ ಬರದಿದ್ದರೆ ತಂತಿ ಅದಲುಬದಲಾಗಿದೆ ಅಥವಾ ಗ್ರೌಂಡ್ ಸೇರಿಲ್ಲ. ಅರ್ಥವಿಲ್ಲದ ಗುರುತುಗಳು ಬಂದರೆ ತಂತಿ ಮುಟ್ಟಿದೆ, ಬಾಡ್ ರೇಟ್ ತಪ್ಪಿದೆ. ಎರಡನ್ನೂ ಬೇರೆ ಬೇರೆಯಾಗಿ ನೋಡುವ ಅಭ್ಯಾಸ ಆದರೆ ಅರ್ಧ ರಿಪೇರಿ ಕಲಿತಂತೆ.

ಮೆಗಾ ಬೋರ್ಡಿಗೆ ಜೋಡಣೆ

ಆರ್ಡುಯಿನೋ ಊನೋ ಅಗ್ಗ, ಆದರೂ ಇಲ್ಲಿ ಮೆಗಾ 2560 ತೆಗೆದುಕೊಳ್ಳಿ ಎನ್ನುತ್ತೇನೆ. ಊನೋದಲ್ಲಿ ನಿಜವಾದ ಸೀರಿಯಲ್ ಪೋರ್ಟ್ ಒಂದೇ, ಅದೂ ಯುಎಸ್‌ಬಿಗೆ ಕಟ್ಟಿಕೊಂಡಿದೆ. ಮೆಗಾದಲ್ಲಿ ನಾಲ್ಕಿವೆ. ನಮಗೆ ಪ್ರಿಂಟರಿಗೊಂದು, ಕಾಟಾಕ್ಕೊಂದು ಬೇಕೇ ಬೇಕು.

ಎಲ್ಲ ಸ್ವಿಚ್ ಆರಿಸಿ ಜೋಡಿಸಿ. ಟಿಟಿಎಲ್ ಪ್ರಿಂಟರಾದರೆ ಮೆಗಾದ 18ನೇ ಪಿನ್ ಪ್ರಿಂಟರಿನ ಆರ್‌ಎಕ್ಸ್‌ಗೆ, 19ನೇ ಪಿನ್ ಪ್ರಿಂಟರಿನ ಟಿಎಕ್ಸ್‌ಗೆ, ಗ್ರೌಂಡ್ ಗ್ರೌಂಡಿಗೆ. ಅಡಾಪ್ಟರುಗಳು ಬೇರೆ ಬೇರೆ ಇದ್ದರೂ ಗ್ರೌಂಡ್ ಎಲ್ಲಕ್ಕೂ ಒಂದೇ ಆಗಬೇಕು. ಮೀಟರಿನಲ್ಲಿ 3.3 ವೋಲ್ಟ್ ತೋರಿಸಿದ ಪ್ರಿಂಟರಾದರೆ 18ನೇ ಪಿನ್ನಿನ 5 ವೋಲ್ಟನ್ನು ಇಳಿಸಿ ಕೊಡಿ: ಪಿನ್ನಿನಿಂದ 10 ಕಿಲೋ ಓಮ್, ಅದರ ಇನ್ನೊಂದು ತುದಿಯಿಂದ ಗ್ರೌಂಡಿಗೆ 20 ಕಿಲೋ ಓಮ್, ಎರಡೂ ಸೇರುವ ಜಾಗದಿಂದ ಪ್ರಿಂಟರಿಗೆ. ಅಲ್ಲಿ ಸಿಗುವುದು 3.3 ವೋಲ್ಟ್.

ಆರ್‌ಎಸ್-232 ಪ್ರಿಂಟರಾದರೆ ನಡುವೆ ಎರಡು ಬಗೆಯ ವೋಲ್ಟೇಜನ್ನು ಹೊಂದಿಸಿಕೊಡುವ ಮ್ಯಾಕ್ಸ್3232 ಚಿಪ್ಪಿನ ಸಣ್ಣ ಮಾಡ್ಯೂಲ್ ಬೇಕು. ಅದು 3ರಿಂದ 5.5 ವೋಲ್ಟಿನಲ್ಲಿ ನಡೆಯುತ್ತದೆ. ಮೆಗಾದ 5 ವೋಲ್ಟ್ ಕೊಡಿ. ಆ ಚಿಪ್ಪಿನಲ್ಲಿ ಕಳಿಸುವ ದಾರಿ ಎರಡು, ಕೇಳುವ ದಾರಿ ಎರಡು ಇವೆ, ಆದರೆ ಕೆಲವು ಮಾಡ್ಯೂಲುಗಳು ಒಂದೊಂದನ್ನೇ ಹೊರಗೆ ಕೊಡುತ್ತವೆ. ಕೊಳ್ಳುವಾಗ ಎರಡೂ ಇರುವುದನ್ನು ಕೇಳಿ.

ಉದ್ದದ ಮಾತು: ಟಿಟಿಎಲ್ ತಂತಿಯನ್ನು ಒಂದು ಮೀಟರಿನೊಳಗೆ ಮುಗಿಸಿ. ಆರ್‌ಎಸ್-232 ಹದಿನೈದು ಮೀಟರ್ ತನಕ ಹೋಗುತ್ತದೆ ಎಂಬುದು ಹಳೆಯ ಲೆಕ್ಕ. ಅಕ್ಕಿ ಗಿರಣಿಯ ಒಳಗೆ ದೊಡ್ಡ ಮೋಟಾರುಗಳ ಮಧ್ಯೆ ಪ್ರಿಂಟರ್ ಇಡುವುದಾದರೆ ಆರ್‌ಎಸ್-232 ಮಾದರಿಯನ್ನೇ ಕೊಳ್ಳುವುದು ವಾಸಿ.

ಪ್ರಿಂಟರಿಗೆ ಹೇಳುವ ಮಾತು

ಇಂಥ ಪ್ರಿಂಟರುಗಳಲ್ಲಿ ಬಹುಪಾಲು ಎಪ್ಸನ್ ಕಂಪನಿ ರೂಪಿಸಿದ ಎಸ್ಕ್-ಪಾಸ್ ಆಜ್ಞೆಗಳನ್ನು ಅರಿಯುತ್ತವೆ. ಪ್ರೋಗ್ರಾಮಿನಲ್ಲಿ ಈ ಅಂಕಿಗಳನ್ನು ಒಂದೊಂದು ಬೈಟಾಗಿ (ಎಂಟು ಬಿಟ್ ಸೇರಿದ, 0ರಿಂದ 255ರ ತನಕದ ಒಂದು ಅಂಕಿ) ಕಳಿಸಬೇಕು, ಅಕ್ಷರವಾಗಿ ಅಲ್ಲ:

- 27, 64: ಎಲ್ಲವನ್ನೂ ಮೂಲ ಸ್ಥಿತಿಗೆ ತರು
- 27, 97, 1: ನಡುವಿಗೆ ಬರಲಿ (ಕೊನೆಗೆ 0 ಇದ್ದರೆ ಎಡಕ್ಕೆ, 2 ಇದ್ದರೆ ಬಲಕ್ಕೆ)
- 27, 69, 1: ದಪ್ಪ ಅಕ್ಷರ (0 ಇದ್ದರೆ ಮಾಮೂಲು)
- 29, 33, 17: ಅಗಲ, ಎತ್ತರ ಎರಡೂ ದುಪ್ಪಟ್ಟು (0 ಇದ್ದರೆ ಮಾಮೂಲು)
- 27, 100, 3: ಮೂರು ಸಾಲು ಕಾಗದ ಮುಂದೆ ತಳ್ಳು
- 27, 99, 53, 1: ಪ್ರಿಂಟರಿನ ಮೈಮೇಲಿನ ಗುಂಡಿಗಳನ್ನು ನಿಲ್ಲಿಸು (0 ಇದ್ದರೆ ಬಿಡು)
- 16, 4, 4: ಕಾಗದ ಇದೆಯೇ ಹೇಳು

ಮಾದರಿಯಿಂದ ಮಾದರಿಗೆ ಒಂದೆರಡು ಆಜ್ಞೆ ಬದಲಾಗುತ್ತವೆ, ನಿಮ್ಮ ಪ್ರಿಂಟರಿನ ಕೈಪಿಡಿ ಪಕ್ಕದಲ್ಲಿರಲಿ. ಪ್ರತಿ ಚೀಟಿಯನ್ನೂ 27, 64ರಿಂದಲೇ ಆರಂಭಿಸಿ. ನಡುವೆ ಕರೆಂಟ್ ಹೋಗಿ ಬಂದಿದ್ದರೆ ಹಳೆಯ ಸೆಟ್ಟಿಂಗ್ ಅರ್ಧಂಬರ್ಧ ಉಳಿದು ಚೀಟಿ ಅಂದಗೆಡುವುದು ತಪ್ಪುತ್ತದೆ. ಗುಂಡಿ ನಿಲ್ಲಿಸುವ ಆಜ್ಞೆಯನ್ನು ಅದರ ನಂತರ ಕಳಿಸಬೇಕು. ಮೂಲ ಸ್ಥಿತಿ ಎಂದರೆ ಗುಂಡಿ ಚಾಲೂ ಇರುವುದೇ. ಚೀಟಿ ಬರುತ್ತಿರುವಾಗ ಯಾರೋ ಫೀಡ್ ಒತ್ತಿ ಸಾಲುಗಳ ನಡುವೆ ಖಾಲಿ ಜಾಗ ಬಿಟ್ಟರೆ, ಅಲ್ಲಿ ಪೆನ್ನಿನಿಂದ ಏನು ಬೇಕಾದರೂ ಸೇರಿಸಬಹುದಲ್ಲ. ಚೀಟಿ ಮುಗಿದ ಮೇಲೆ ಗುಂಡಿಯನ್ನು ಮತ್ತೆ ಬಿಡಿ, ಕಾಗದ ಬದಲಿಸುವವರಿಗೆ ಅದು ಬೇಕು.

ಕನ್ನಡ ಬರಿಸುವುದು

"ಕಾಕಾ, ಇದರಾಗ ನಿಮ್ ತೂಕ ಇಲ್ಲೈತಿ ನೋಡ್ರಿ" ಎಂದು ಬೆರಳಿಟ್ಟು ತೋರಿಸಬೇಕಾದ ಚೀಟಿ ಅರ್ಧ ಚೀಟಿ. ಹೆಸರು, ಬೆಳೆ, ಒಟ್ಟು ಎಂಬ ಪದಗಳು ಕನ್ನಡದಲ್ಲೇ ಇರಬೇಕು. ಈ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ, ಹಿಡಿಯಲಿ.

ಪ್ರೋಗ್ರಾಮಿನಲ್ಲಿ ನೇರವಾಗಿ ಕನ್ನಡ ಬರೆದು ಕಳಿಸಿದರೆ ಏನಾಗುತ್ತದೆ ನೋಡಿ. ಕಂಪ್ಯೂಟರು ಅಕ್ಷರಗಳನ್ನು ಬೈಟಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಗುರುತಿಗೆ ಮೂರು ಬೈಟು. 'ಕ' ಎಂದರೆ 224, 178, 149. ಪ್ರಿಂಟರಿನ ಒಳಗಿನ ಹಳೆಯ 437ನೇ ಕೋಡ್ ಪೇಜಿನಲ್ಲಿ 224 ಎಂದರೆ ಗ್ರೀಕ್ ಆಲ್ಫಾ, 178 ಎಂದರೆ ಚುಕ್ಕೆ ತುಂಬಿದ ಚೌಕ. ಹಾಗಾಗಿ ಚೀಟಿಯ ತುಂಬ ಆಲ್ಫಾ, ಚೌಕ, ಆಲ್ಫಾ, ಚೌಕ ಕಂಡರೆ ಪ್ರಿಂಟರ್ ಕೆಟ್ಟಿಲ್ಲ, ಕನ್ನಡದ ಬೈಟುಗಳು ಅದಕ್ಕೆ ತಲುಪಿವೆ, ಓದಲು ಫಾಂಟ್ ಇಲ್ಲ ಅಷ್ಟೆ. ಚೀನೀ ಅಕ್ಷರಗಳು ಬಂದರೂ ಕಾರಣ ಅದೇ. ಆ ಪ್ರಿಂಟರ್ ಎರಡೆರಡು ಬೈಟುಗಳನ್ನು ಚೀನೀ ಅಕ್ಷರವೆಂದು ಓದುತ್ತಿದೆ. 28, 46 ಕಳಿಸಿದರೆ ಆ ಓದು ನಿಲ್ಲುತ್ತದೆ. ಕನ್ನಡ ಮಾತ್ರ ಇನ್ನೂ ಬರುವುದಿಲ್ಲ.

ದಾರಿ ಒಂದೇ: ಪದವನ್ನು ಚಿತ್ರವಾಗಿ ಕಳಿಸುವುದು. ಈ ಪ್ರಿಂಟರಿನ ಒಂದು ಸಾಲಿನಲ್ಲಿ 384 ಚುಕ್ಕೆ, ಮಿಲಿಮೀಟರಿಗೆ ಎಂಟು. ಪ್ರಿಂಟರಿನ ಸ್ವಂತ ಇಂಗ್ಲಿಷ್ ಅಕ್ಷರ 12 ಚುಕ್ಕೆ ಅಗಲ, 24 ಚುಕ್ಕೆ ಎತ್ತರ. ಸಾಲಿಗೆ 32 ಹಿಡಿಯುತ್ತವೆ. ಕನ್ನಡಕ್ಕೆ 24 ಚುಕ್ಕೆ, ಅಂದರೆ 3 ಮಿಲಿಮೀಟರ್ ಸಾಲದು. 'ಭತ್ತ', 'ಹತ್ತಿ', 'ಒಟ್ಟು' ಎಲ್ಲದಕ್ಕೂ ಕೆಳಗೆ ಒತ್ತಕ್ಷರ ಇದೆ, ಮೇಲೆ ತಲೆಕಟ್ಟು, ಗುಡಿಸು ಇವೆ. 40 ಚುಕ್ಕೆ ಎತ್ತರ ಕೊಟ್ಟರೆ ವಯಸ್ಸಾದವರೂ ಓದಬಹುದು.

ಕಂಪ್ಯೂಟರಿನಲ್ಲಿ ಗಿಂಪ್‌ನಂಥ ಚಿತ್ರ ತಂತ್ರಾಂಶ ತೆರೆದು 160 ಚುಕ್ಕೆ ಅಗಲ, 40 ಚುಕ್ಕೆ ಎತ್ತರದ ಬಿಳಿ ಚೌಕಟ್ಟಿನಲ್ಲಿ ಪದವನ್ನು ಬರೆಯಿರಿ. ನೋಟೋ ಸ್ಯಾನ್ಸ್ ಕನ್ನಡದಂಥ, ಗೆರೆ ಸಮಾನ ದಪ್ಪ ಇರುವ ಫಾಂಟ್ ಒಳ್ಳೆಯದು. ಸಪೂರ ಗೆರೆಯ ಫಾಂಟಿನಲ್ಲಿ 'ಶೇಂಗಾ' ಪದದ ಸೊನ್ನೆ ಮುರಿಯುತ್ತದೆ. ಬೂದು ಬಣ್ಣ ಉಳಿಯದಂತೆ ಬರೀ ಕಪ್ಪು ಬಿಳುಪಿಗೆ ತನ್ನಿ. ಎಡದಿಂದ ಎಂಟೆಂಟು ಚುಕ್ಕೆ ಸೇರಿ ಒಂದು ಬೈಟು. ಎಲ್ಲಕ್ಕಿಂತ ಎಡದ ಚುಕ್ಕೆಗೆ 128, ಬಲದ ಚುಕ್ಕೆಗೆ 1, ಕಪ್ಪು ಇದ್ದರೆ ಮಾತ್ರ ಲೆಕ್ಕಕ್ಕೆ. 160 ಚುಕ್ಕೆಗೆ 20 ಬೈಟು, 40 ಸಾಲಿಗೆ 800 ಬೈಟು. ಈ ಪಟ್ಟಿಯನ್ನು ಮೆಗಾದ ಫ್ಲ್ಯಾಶ್ ಮೆಮೊರಿಯಲ್ಲಿಡಿ. ಅಲ್ಲಿ 256 ಕಿಲೋಬೈಟ್ ಜಾಗ ಇದೆ, ರ್‍ಯಾಮ್ ಇರುವುದು 8 ಕಿಲೋಬೈಟ್ ಮಾತ್ರ. ಕಳಿಸುವಾಗ ಮುಂದೆ 29, 118, 48, 0, 20, 0, 40, 0 ಸೇರಿಸಿ: 20 ಎಂಬುದು ಅಗಲದ ಬೈಟು, 40 ಎಂಬುದು ಸಾಲು.

ಪೂರ್ತಿ 384 ಚುಕ್ಕೆ ಅಗಲದ ಚಿತ್ರ ಯಾಕೆ ಮಾಡಬಾರದು? ಸಮಯಕ್ಕೆ. 9600 ಬಾಡ್‌ನಲ್ಲಿ ಒಂದು ಬೈಟಿಗೆ ಶುರು, ಕೊನೆ ಸೇರಿ ಹತ್ತು ಬಿಟ್, ಅಂದರೆ ಸೆಕೆಂಡಿಗೆ 960 ಬೈಟು. 800 ಬೈಟಿನ ನಾಲ್ಕು ಪದಕ್ಕೆ ಮೂರು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಪೂರ್ತಿ ಅಗಲದ್ದಾದರೆ ಎಂಟು ಸೆಕೆಂಡ್. ಹಿಂದೆ ಟ್ರ್ಯಾಕ್ಟರುಗಳ ಸಾಲು ನಿಂತಾಗ ಈ ಐದು ಸೆಕೆಂಡ್ ಭಾರ. ಪ್ರಿಂಟರ್ ಒಪ್ಪಿದರೆ 19200ಕ್ಕೆ ಏರಿಸಿ, ಅರ್ಧಕ್ಕಿಳಿಯುತ್ತದೆ.

ಇನ್ನೊಂದು ಕಟ್ಟುಪಾಡು: ಈ ಆಜ್ಞೆಯ ಚಿತ್ರದ ಪಕ್ಕದಲ್ಲೇ, ಅದೇ ಸಾಲಿನಲ್ಲಿ ಅಂಕಿ ಬರುವುದಿಲ್ಲ, ಚಿತ್ರ ಮುಗಿದರೆ ಸಾಲು ಮುಗಿದಂತೆ. ಮೇಲೆ ಕನ್ನಡ ಪದ, ಕೆಳಗೆ ದುಪ್ಪಟ್ಟು ಗಾತ್ರದ ಅಂಕಿ, ಈ ಜೋಡಣೆ ಓದಲೂ ಚೆಂದ. ಅಂಕಿಗೆ ಪ್ರಿಂಟರಿನ ಸ್ವಂತ ಫಾಂಟೇ ಸಾಕು.

ಚಿತ್ರದ ಮಧ್ಯೆ ಪಟ್ಟಿ ಪಟ್ಟಿಯಾಗಿ ಬಿಟ್ಟುಹೋದರೆ ಅಥವಾ ಅರ್ಧಕ್ಕೇ ಕಸ ಬಂದರೆ ಪ್ರಿಂಟರಿನ ಬಫರ್ (ಅಚ್ಚಾಗುವ ತನಕ ಬೈಟುಗಳನ್ನು ಇಟ್ಟುಕೊಳ್ಳುವ ಜಾಗ) ತುಂಬಿ ಚೆಲ್ಲಿದೆ. ಪ್ರಿಂಟರಿನಲ್ಲಿ ಡಿಟಿಆರ್ ಅಥವಾ ಬ್ಯುಸಿ ಎಂಬ ತಂತಿ ಇರುತ್ತದೆ. ಅದನ್ನು ಮೆಗಾದ ಒಂದು ಪಿನ್ನಿಗೆ ತಂದು, ಬ್ಯುಸಿ ಇರುವಾಗ ಕಳಿಸುವುದನ್ನು ತಡೆಯಿರಿ. ಆರ್‌ಎಸ್-232 ಪ್ರಿಂಟರಾದರೆ ಈ ತಂತಿಯೂ ಮ್ಯಾಕ್ಸ್3232ರ ಎರಡನೇ ದಾರಿಯಿಂದಲೇ ಬರಬೇಕು, ನೇರವಾಗಿ ಅಲ್ಲ.

ಕೀಪ್ಯಾಡ್

ಅಡತಿ ಅಂಗಡಿಯ ದೂಳಿಗೆ, ಭತ್ತದ ಸುಂಕಿಗೆ ತೆಳು ಹಾಳೆಯಂಥ ಮೆಂಬ್ರೇನ್ ಕೀಪ್ಯಾಡ್ ಚೆನ್ನಾಗಿ ತಾಳುತ್ತದೆ. ಹದಿನಾರು ಗುಂಡಿ, ಹೊರಗೆ ಬರುವ ತಂತಿ ಎಂಟು: ನಾಲ್ಕು ಅಡ್ಡಸಾಲಿಗೆ, ನಾಲ್ಕು ಕಂಬಸಾಲಿಗೆ. ಮೆಗಾ ಒಂದು ಅಡ್ಡಸಾಲನ್ನು ಸೊನ್ನೆ ವೋಲ್ಟಿಗೆ ಇಳಿಸಿ ನಾಲ್ಕೂ ಕಂಬಸಾಲು ನೋಡುತ್ತದೆ, ಯಾವ ಕಂಬ ಸೊನ್ನೆಗೆ ಬಿತ್ತೋ ಆ ಗುಂಡಿ ಒತ್ತಿದ್ದಾರೆ ಎಂದರ್ಥ. ಮತ್ತೆ ಮುಂದಿನ ಅಡ್ಡಸಾಲು. ಒತ್ತದ ಕಂಬಗಳನ್ನು 5 ವೋಲ್ಟಿನಲ್ಲಿ ಹಿಡಿದಿಡಲು ಮೆಗಾದ ಒಳಗಿನ ಪುಲ್-ಅಪ್ ಚಾಲೂ ಮಾಡಬೇಕು. ಆರ್ಡುಯಿನೋದ ಕೀಪ್ಯಾಡ್ ಲೈಬ್ರರಿ (ಮೊದಲೇ ಬರೆದಿಟ್ಟ ಪ್ರೋಗ್ರಾಮ್ ಭಾಗ) ಇದೆಲ್ಲವನ್ನೂ ತಾನೇ ಮಾಡುತ್ತದೆ.

ಎಂಟರಲ್ಲಿ ಮೊದಲ ನಾಲ್ಕು ಅಡ್ಡಸಾಲು, ಉಳಿದವು ಕಂಬಸಾಲು ಎಂಬುದು ರೂಢಿ, ಆದರೆ ಮೀಟರಿನಲ್ಲಿ ಖಚಿತ ಮಾಡಿಕೊಳ್ಳಿ. 1ನೇ ಗುಂಡಿ ಒತ್ತಿಹಿಡಿದು ಯಾವ ಎರಡು ತಂತಿ ಸೇರುತ್ತವೆ ನೋಡಿ, ಆಮೇಲೆ 2, ಆಮೇಲೆ 4. ಬೀಪ್ ಶಬ್ದಕ್ಕೆ ಕಾಯಬೇಡಿ: ಮೆಂಬ್ರೇನಿನ ಸಂಪರ್ಕಕ್ಕೆ ಹತ್ತಾರು, ನೂರಾರು ಓಮ್ ರೋಧ ಇರುವುದರಿಂದ ಮೀಟರು ಬೀಪ್ ಅನ್ನದೆಯೂ ಇರಬಹುದು. 2 ಕಿಲೋ ಓಮ್ ಅಳತೆಯಲ್ಲಿಟ್ಟು ಅಂಕಿ ನೋಡಿ. ಮೆಗಾದಲ್ಲಿ 22ರಿಂದ 25 ಅಡ್ಡಸಾಲಿಗೆ, 26ರಿಂದ 29 ಕಂಬಸಾಲಿಗೆ ಕೊಡಿ.

ಒಂದು ಸಲ ಒತ್ತಿದರೆ ಗುಂಡಿಯ ಸಂಪರ್ಕ ಕೆಲವು ಮಿಲಿಸೆಕೆಂಡ್ ಅದುರಿ ಆಮೇಲೆ ನಿಲ್ಲುತ್ತದೆ. ಈ ಅದುರು ನಿಲ್ಲಲು ಕಾಯುವ ಡಿಬೌನ್ಸ್ ಸಮಯವನ್ನು 30 ಮಿಲಿಸೆಕೆಂಡಿಗೆ ಇಟ್ಟರೆ ಒಂದು 5 ಒತ್ತಿ 55 ಬೀಳುವುದು ನಿಲ್ಲುತ್ತದೆ. ಒತ್ತಿದ್ದು ಕಾಣಲು 16 ಅಕ್ಷರದ ಎರಡು ಸಾಲಿನ ಎಲ್‌ಸಿಡಿ ಬೇಕು, ಇದರಲ್ಲಿ ಉಳಿತಾಯ ಬೇಡ. ಎರಡೇ ಡೇಟಾ ತಂತಿಯಲ್ಲಿ ನಡೆಯುವ ಐ-ಸ್ಕ್ವೇರ್-ಸಿ ಮಾದರಿಯದಾದರೆ 20, 21ನೇ ಪಿನ್ನುಗಳು ಸಾಕು. ಡಿಎಸ್3231 ಗಡಿಯಾರದ ಮಾಡ್ಯೂಲನ್ನೂ ಅದೇ ಎರಡು ತಂತಿಗೆ ಸೇರಿಸಿ, ಚೀಟಿಗೆ ದಿನಾಂಕ, ಸಮಯ ಸಿಗುತ್ತದೆ.

ಗುಂಡಿಗಳ ಹಂಚಿಕೆ ಹೀಗಿರಲಿ: 'ಎ' ಒತ್ತಿ ರೈತನ ಟೋಕನ್ ಸಂಖ್ಯೆ, 'ಬಿ' ಒತ್ತಿ ಬೆಳೆ, 1 ಭತ್ತ, 2 ಹತ್ತಿ, 3 ತೊಗರಿ, 4 ಶೇಂಗಾ, 'ಸಿ' ಒತ್ತಿದರೆ ಕಾಟಾದ ಮೇಲಿನ ಚೀಲದ ತೂಕ ಲೆಕ್ಕಕ್ಕೆ ಸೇರುತ್ತದೆ, ಹ್ಯಾಶ್ ಒತ್ತಿದರೆ ಚೀಟಿ, ಸ್ಟಾರ್ ಒತ್ತಿದರೆ ಈಗ ಒತ್ತಿದ ಅಂಕಿ ಅಳಿಯುತ್ತದೆ. 'ಡಿ' ಕಳೆದ ಚೀಟಿಯ ಇನ್ನೊಂದು ಪ್ರತಿ, ಅದರ ತಲೆಯ ಮೇಲೆ 'ನಕಲು' ಎಂಬ ಚಿತ್ರ ಬಂದೇ ಬರಬೇಕು. ಸ್ಟಾರ್ ಗುಂಡಿಗೆ ಸೇರಿಸಿಕೊಂಡ ತೂಕವನ್ನು ಅಳಿಸುವ ಅಧಿಕಾರ ಕೊಡಬೇಡಿ. ಚೀಲ ತಪ್ಪಿ ಸೇರಿದರೆ ಅದನ್ನು ಕಳೆದದ್ದೂ ಚೀಟಿಯಲ್ಲಿ ಪ್ರತ್ಯೇಕ ಸಾಲಾಗಿ ಕಾಣಲಿ.

ಕಾಟಾದಿಂದ ತೂಕ

ವ್ಯಾಪಾರಕ್ಕೆ ಬಳಸುವ ಕಾಟಾಕ್ಕೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ಇಲಾಖೆಯ ಮುದ್ರೆ ಇರುತ್ತದೆ. ಆ ಸೀಲ್ ಮುಟ್ಟಬೇಡಿ, ಡಬ್ಬಿ ಬಿಚ್ಚಬೇಡಿ. ಹೊರಗಿರುವ ಡೇಟಾ ಪೋರ್ಟಿಗೆ ಮಾತ್ರ ತಂತಿ ಹಾಕಿ, ಅದೂ ಕಾಟಾ ಮಾತಾಡುವ ತಂತಿ ಮತ್ತು ಗ್ರೌಂಡ್ ಎರಡೇ. ಕಾಟಾಕ್ಕೆ ನಾವು ಹೇಳುವುದು ಏನೂ ಇಲ್ಲ. ಈ ಪೋರ್ಟು ಸಾಮಾನ್ಯವಾಗಿ ಆರ್‌ಎಸ್-232, ಆದ್ದರಿಂದ ಇನ್ನೊಂದು ಮ್ಯಾಕ್ಸ್3232 ಮೂಲಕ ಮೆಗಾದ 17ನೇ ಪಿನ್ನಿಗೆ ತನ್ನಿ. ಮೊದಲು ಕಂಪ್ಯೂಟರಿನಲ್ಲಿ ನೋಡಿ: ಯಾವ ಬಾಡ್‌ನಲ್ಲಿ ಓದಲು ಬರುತ್ತದೆ, ಸಾಲಿನಲ್ಲಿ ಅಂಕಿ ಎಲ್ಲಿ ಶುರುವಾಗುತ್ತದೆ, ತೂಕ ನಿಂತಾಗ ಬೇರೆ ಗುರುತು ಬರುತ್ತದೆಯೇ. ಅಂಥ ಗುರುತು ಇಲ್ಲದಿದ್ದರೆ ಒಂದೇ ಅಂಕಿ ಸತತ ಹತ್ತು ಸಲ ಬಂದ ಮೇಲೆ ಮಾತ್ರ 'ಸಿ' ಗುಂಡಿಯನ್ನು ಒಪ್ಪಿ. ಹಮಾಲನ ಕೈ ಚೀಲದ ಮೇಲಿರುವಾಗ ತೂಕ ಸೇರಬಾರದು. ಚೀಲ ಇಳಿದು ಕಾಟಾ ಸೊನ್ನೆಗೆ ಬರುವ ತನಕ ಎರಡನೇ 'ಸಿ' ಒಪ್ಪಬೇಡಿ, ಇಲ್ಲದಿದ್ದರೆ ಒಂದೇ ಚೀಲ ಎರಡು ಸಲ ಸೇರುತ್ತದೆ.

ಲೆಕ್ಕವನ್ನು ಗ್ರಾಂನಲ್ಲಿ, ಪೂರ್ಣಾಂಕದಲ್ಲೇ ಇಡಿ. ಆರ್ಡುಯಿನೋದ ದಶಾಂಶ ಸಂಖ್ಯೆಗೆ ಆರೇಳು ಅಂಕಿಯ ನಿಖರತೆ ಮಾತ್ರ, ದೊಡ್ಡ ಲಾಟಿನಲ್ಲಿ ಕೊನೆಯ ಗ್ರಾಂಗಳು ತಪ್ಪುತ್ತವೆ.

ಚೀಟಿಯಲ್ಲಿ ಚೀಲಗಳ ಎಣಿಕೆ, ಒಟ್ಟು ತೂಕ, ಖಾಲಿ ಚೀಲಕ್ಕೆ ಕಳೆದದ್ದು, ನಿವ್ವಳ, ನಾಲ್ಕೂ ಬೇರೆ ಬೇರೆ ಕಾಣಬೇಕು. ನಮ್ಮ ಕಡೆ ಭತ್ತದ ದರ 75 ಕೆಜಿ ಚೀಲದ ಮೇಲೆ ನಡೆಯುತ್ತದೆ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಮೇಲೆ. ಎರಡನ್ನೂ ಅಚ್ಚು ಹಾಕಿ: ನಿವ್ವಳ 3112.500 ಕೆಜಿ ಬಂದರೆ 31.125 ಕ್ವಿಂಟಲ್, 75ರ ಲೆಕ್ಕದಲ್ಲಿ 41.5 ಚೀಲ. ರೈತ ಮನೆಗೆ ಹೋಗಿ ಯಾರನ್ನೂ ಕೇಳದೆ ದರ ಗುಣಿಸಿಕೊಳ್ಳಬಹುದು.

ಕಾಗದ ಮುಗಿದಾಗ, ಕರೆಂಟ್ ಹೋದಾಗ

ಹ್ಯಾಶ್ ಒತ್ತಿದ ಕೂಡಲೇ ಚೀಟಿ ಕಳಿಸಬೇಡಿ. ಮೊದಲು 16, 4, 4 ಕಳಿಸಿ ಉತ್ತರಕ್ಕೆ ಕಾಯಿರಿ. ಒಂದು ಬೈಟು ವಾಪಸ್ ಬರುತ್ತದೆ; ಕಾಗದ ಇದ್ದರೆ ಸಾಮಾನ್ಯವಾಗಿ 18. ಅದರಲ್ಲಿ 32 ಮತ್ತು 64ರ ಬಿಟ್‌ಗಳು ಎದ್ದಿದ್ದರೆ ಕಾಗದ ಮುಗಿದಿದೆ. ಉತ್ತರವೇ ಬರದಿದ್ದರೂ ಇಲ್ಲ ಎಂದೇ ತಿಳಿಯಿರಿ. ಚೀಟಿ ಬಂದ ಮೇಲೆ ಮತ್ತೊಮ್ಮೆ ಕೇಳಿ, ಎರಡೂ ಸಲ ಸರಿ ಇದ್ದರೆ ಮಾತ್ರ ಆ ರೈತನ ಒಟ್ಟು ಲೆಕ್ಕ ಅಳಿಸಿ. ಪ್ರಿಂಟರಿನ ಟಿಎಕ್ಸ್ ತಂತಿ ಯಾಕೆ ಬೇಕು, ಕಳಿಸುವುದೊಂದೇ ಸಾಕಲ್ಲ ಎನ್ನುವವರಿಗೆ ಉತ್ತರ ಇದೇ.

ಚೀಟಿ ಸಂಖ್ಯೆ ಕರೆಂಟ್ ಹೋದರೂ ಮುಂದುವರಿಯಬೇಕು, ಹಾಗಾಗಿ ಅದನ್ನು ಮೆಗಾದ ಈಪ್ರಾಮ್‌ನಲ್ಲಿ ಬರೆಯಿರಿ. ಅದರ ಒಂದು ಜಾಗಕ್ಕೆ ಒಂದು ಲಕ್ಷ ಸಲ ಬರೆಯಬಹುದು ಎಂಬುದು ತಯಾರಕರ ಭರವಸೆ. ದಿನಕ್ಕೆ 300 ಚೀಟಿ ಹರಿದರೆ ಒಂದೇ ಜಾಗ ವರ್ಷದೊಳಗೆ ಆ ಮಿತಿ ಮುಟ್ಟುತ್ತದೆ. ಐವತ್ತು ಜಾಗ ಗೊತ್ತು ಮಾಡಿ ಸರದಿಯಂತೆ ಬರೆಯುತ್ತ ಹೋಗಿ. ಚಾಲೂ ಆದಾಗ ಐವತ್ತರಲ್ಲಿ ದೊಡ್ಡ ಸಂಖ್ಯೆ ಯಾವುದೋ ಅದೇ ಕೊನೆಯ ಚೀಟಿ. ನಡುವಿನ ಒಟ್ಟು ತೂಕವನ್ನೂ ಪ್ರತಿ ಚೀಲಕ್ಕೆ ಬರೆದಿಡಿ, ಆದರೆ ಅದಕ್ಕೆ ಬರೆತ ಇನ್ನೂ ಹೆಚ್ಚು, ಜಾಗವನ್ನೂ ಅಷ್ಟೇ ಹೆಚ್ಚು ಕೊಡಿ. ಈಪ್ರಾಮ್ 4 ಕಿಲೋಬೈಟ್ ಇದೆ.

ನಮ್ಮ ಬಿಸಿಲು

ಥರ್ಮಲ್ ಕಾಗದಕ್ಕೆ ಬಿಸಿಯೇ ಶಾಯಿ. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಮುಚ್ಚಿದ ಜೀಪಿನ ಗಾಜಿನ ಹಿಂದೆ ರೋಲು ಬಿಟ್ಟರೆ ಬಳಸುವ ಮುಂಚೆಯೇ ಕಪ್ಪಾಗಬಹುದು. ರೋಲುಗಳನ್ನು ತಂಪು, ಕತ್ತಲೆ ಜಾಗದಲ್ಲಿಡಿ. ಅಚ್ಚಾದ ಚೀಟಿ ಎಣ್ಣೆ ಕೈಗೆ, ಬೆವರಿಗೆ, ಪ್ಲಾಸ್ಟಿಕ್ ಕವರಿಗೆ ಮಾಸುತ್ತದೆ. ಕಾಗದದ ಮಡಿಕೆಯಲ್ಲಿ ಇಟ್ಟುಕೊಳ್ಳಿ ಎಂದು ರೈತರಿಗೆ ಬಾಯಿಮಾತಲ್ಲೂ ಹೇಳಿ, ಚೀಟಿಯ ಕೆಳಗೆ ಕನ್ನಡದ ಒಂದು ಸಾಲಿನ ಚಿತ್ರವಾಗಿಯೂ ಹಾಕಿ. ಬ್ಯಾಂಕಿಗೋ ತಕರಾರಿಗೋ ಬೇಕಾಗಬಹುದಾದ ಚೀಟಿಯನ್ನು ಅದೇ ವಾರ ಜೆರಾಕ್ಸ್ ಮಾಡಿಸಿಕೊಳ್ಳುವುದು ಒಳ್ಳೆಯದು. ವರ್ಷಗಟ್ಟಲೆ ಉಳಿಯಲೇಬೇಕಾದ ದಾಖಲೆಗೆ ರಿಬ್ಬನ್ ಹಾಕುವ ಡಾಟ್ ಮ್ಯಾಟ್ರಿಕ್ಸ್ ಮಾದರಿಯ ಸಣ್ಣ ಪ್ರಿಂಟರ್ ಕೊಳ್ಳಿ. ಸೀರಿಯಲ್ ಜೋಡಣೆ ಇದೇ, ಚಿತ್ರದ ಆಜ್ಞೆ, ಚುಕ್ಕೆಯ ಅಳತೆ ಮಾತ್ರ ಬೇರೆ.

ಮಾರುಕಟ್ಟೆಗೆ ಇಡುವ ಮುಂಚೆ

ಸರಿಯಾಗಿ ನಡೆದಾಗ ನೋಡುವುದಲ್ಲ, ಬೇಕೆಂದೇ ಕೆಡಿಸಿ ನೋಡಿ. ಅರ್ಧ ಚೀಟಿ ಬಂದಾಗ ಪ್ರಿಂಟರಿನ ಪ್ಲಗ್ ಕೀಳಿ. ಕಾಗದದ ಮುಚ್ಚಳ ತೆಗೆದು ಹ್ಯಾಶ್ ಒತ್ತಿ. ಹತ್ತು ಚೀಲ ಸೇರಿಸಿ ಮೆಗಾದ ಕರೆಂಟ್ ತೆಗೆದು ಮತ್ತೆ ಹಾಕಿ, ಹತ್ತೂ ಉಳಿದಿವೆಯೇ ನೋಡಿ. ಕಾಟಾದ ತಂತಿ ಕಿತ್ತು 'ಸಿ' ಒತ್ತಿ: ಹಿಂದಿನ ಚೀಲದ ತೂಕವೇ ಮತ್ತೆ ಸೇರಿದರೆ ಪ್ರೋಗ್ರಾಮು ಹಳೆಯ ಅಂಕಿಯನ್ನು ಹಿಡಿದುಕೊಂಡಿದೆ, ಒಂದು ಸೆಕೆಂಡಿಗಿಂತ ಹಳೆಯ ಅಂಕಿಯನ್ನು ಒಪ್ಪದಂತೆ ತಿದ್ದಿ. ಆಮೇಲೆ ಒಂದು ವಾರ ಗುಮಾಸ್ತರ ಖಾತೆ ಪುಸ್ತಕವೂ ಚೀಟಿಯೂ ಜೊತೆಜೊತೆಗೆ ನಡೆಯಲಿ. ಸಂಜೆ ಎರಡನ್ನೂ ಟೋಕನ್ ಸಂಖ್ಯೆಯ ಪ್ರಕಾರ ತಾಳೆ ನೋಡಿ, ಹೊಂದದ ಸಾಲಿಗೆ ಕಾರಣ ಸಿಗುವ ತನಕ ಪುಸ್ತಕ ನಿಲ್ಲಿಸಬೇಡಿ.